ಹಿತ್ತಿಲ ರೈಲಿಗೆ ರೈಲ್ ಟ್ರಕ್: ತಿರುವಿನಲ್ಲಿ ಹಳಿ ತಪ್ಪುತ್ತಿದೆ, ಬಿಸಿಲಿಗೆ ಬಾಡಿ ಬಾಗಿದೆ

ಪ್ರಶ್ನೆ: ಹಿತ್ತಿಲಹಳಿ, ಡೆನ್ವರ್

ಎಲ್ಲರಿಗೂ ನಮಸ್ಕಾರ. ಸಾಗರದ ಕಡೆಯವನಾದ ನಾನು ಕೆಲಸದ ನಿಮಿತ್ತ ಹಲವು ವರ್ಷಗಳಿಂದ ಅಮೆರಿಕದ ಕೊಲೊರಾಡೊದಲ್ಲಿದ್ದೇನೆ. ಮನೆಯ ಹಿತ್ತಿಲಿನಲ್ಲಿ ಮಾದರಿ ರೈಲಿಗಾಗಿ 45 ಮಿ.ಮೀ. ಗೇಜಿನ (ಎರಡು ಹಳಿಗಳ ನಡುವಿನ ಅಂತರ) ಹಿತ್ತಾಳೆ ಹಳಿಗಳನ್ನು ಹಾಸಿಕೊಂಡಿದ್ದೇನೆ. ಇಷ್ಟು ದಿನ ಅಂಗಡಿಯಲ್ಲಿ ಕೊಂಡ ಎಂಜಿನ್ ಮತ್ತು ಡಬ್ಬಿಗಳನ್ನೇ ಓಡಿಸುತ್ತಿದ್ದವನಿಗೆ ಒಂದನ್ನಾದರೂ ಸ್ವಂತ ಕೈಯಿಂದ, ಬಿಡಿ ತಗಡು ಮತ್ತು ಮರದ ಪಟ್ಟಿಗಳಿಂದಲೇ ಕಟ್ಟಬೇಕೆಂಬ ಆಸೆ ಹುಟ್ಟಿದ್ದು ಇಲ್ಲಿಗೆ ಹತ್ತಿರದ ಗೋಲ್ಡನ್ ಊರಿನ ಕೊಲೊರಾಡೊ ರೈಲ್‌ರೋಡ್ ಮ್ಯೂಸಿಯಮ್ಮಿಗೆ ಹೋಗಿ ಬಂದ ಮೇಲೆ.

ಅಲ್ಲಿರುವ 'ಗ್ಯಾಲಪಿಂಗ್ ಗೂಸ್'ಗಳ ವಿಷಯ ಗೊತ್ತಿಲ್ಲದವರಿಗಾಗಿ ಎರಡು ಮಾತು. ರಿಯೊ ಗ್ರ್ಯಾಂಡ್ ಸದರ್ನ್ ಎಂಬ ಕಂಪನಿಯು ರಿಡ್ಜ್‌ವೇಯಿಂದ ಡುರಾಂಗೊವರೆಗೆ, ಪರ್ವತಗಳ ನಡುವೆ ಸುಮಾರು 260 ಕಿ.ಮೀ. ಉದ್ದದ ಮೂರಡಿ ಗೇಜಿನ ಮಾರ್ಗವನ್ನು ನಡೆಸುತ್ತಿತ್ತು. ಆರ್ಥಿಕ ಕುಸಿತದ ಕಾಲದಲ್ಲಿ ಉಗಿಬಂಡಿ ಓಡಿಸುವ ಖರ್ಚು ಹುಟ್ಟದೆ, ಹಾಗೆಂದು ಅಂಚೆ ಸಾಗಿಸುವ ಗುತ್ತಿಗೆಯನ್ನು ಬಿಡಲೂ ಆಗದೆ, 1931ರಿಂದ ತನ್ನ ವರ್ಕ್‌ಶಾಪಿನಲ್ಲೇ ಬ್ಯೂಯಿಕ್ ಮತ್ತು ಪಿಯರ್ಸ್-ಆ್ಯರೋ ಕಾರುಗಳ ಮುಂಭಾಗಕ್ಕೆ ಸರಕಿನ ಪೆಟ್ಟಿಗೆ ಜೋಡಿಸಿ ರೈಲಿನ ಗಾಲಿ ಹಾಕಿ ಹಳಿಗೆ ಇಳಿಸಿತು. ಕಂಪನಿಯ ಲೆಕ್ಕದಲ್ಲಿ ಅವು ಬರೀ 'ಮೋಟಾರು'ಗಳು. ಏರುಪೇರಿನ ಹಳಿಯ ಮೇಲೆ ಒಲೆದಾಡುತ್ತಾ, ಹಾರ್ನ್ ಬಾರಿಸುತ್ತಾ ಬರುವುದನ್ನು ಕಂಡ ಜನ ಅವನ್ನು ಹೆಬ್ಬಾತು ಎಂದರು. ಅವುಗಳಲ್ಲಿ 1934ರ ನಂಬರ್ 6 ಹಳಿ ದುರಸ್ತಿಯ ಕೆಲಸಕ್ಕಾಗಿ ಕಟ್ಟಿದ್ದು: ಮುಂದೆ ಕಾರಿನ ಮೂತಿ, ಹಿಂದೆ ತೆರೆದ ಹಲಗೆಯ ತಳ. ನೋಡಿದ ಕೂಡಲೇ ಊರಿನ ಇಟ್ಟಿಗೆ ಲಾರಿಯ ನೆನಪಾಗುತ್ತದೆ. ನನಗೆ ಬೇಕಾಗಿರುವುದು ಇದೇ ಜಾಯಮಾನದ ಒಂದು ರೈಲ್ ಟ್ರಕ್. ಮೊಳೆ ಮೊಳೆಗೂ ಮೂಲದ ಪ್ರತಿಯಾಗಬೇಕೆಂಬ ಹಟವೇನೂ ಇಲ್ಲ.

ಮೊದಲ ಪ್ರಯತ್ನ ಕೆಟ್ಟಿತು. 1:20.3 ಸ್ಕೇಲಿನಲ್ಲಿ (ಅಂದರೆ ಮೂಲದ 20.3ರಲ್ಲಿ ಒಂದು ಪಾಲಿನ ಅಳತೆಯಲ್ಲಿ), ಎರಡೇ ಆಕ್ಸಲ್ ಇಟ್ಟು, ಅವುಗಳ ನಡುವೆ 190 ಮಿ.ಮೀ. ಅಂತರ ಕೊಟ್ಟು, ಎರಡನ್ನೂ ಅಲ್ಯೂಮಿನಿಯಂ ಚ್ಯಾನಲ್ಲಿಗೆ ಭದ್ರವಾಗಿ ಬಿಗಿದೆ. ಹಿಂದಿನ ಆಕ್ಸಲ್ಲಿಗೆ ಸಣ್ಣ ಗೇರ್ ಮೋಟಾರು. ನೇರ ಹಳಿಯಲ್ಲಿ ಚೆನ್ನಾಗಿಯೇ ಓಡುತ್ತದೆ. 600 ಮಿ.ಮೀ. ತ್ರಿಜ್ಯದ ತಿರುವಿಗೆ ಬಂದಾಗ ಮುಂದಿನ ಹೊರಗಾಲಿ ಹಳಿಯ ಮೇಲೇರಿ ಆಚೆ ಬೀಳುತ್ತದೆ. ಎಲ್ಲ ತಿರುವಿನಲ್ಲೂ ಅಲ್ಲ. ಟೊಮೆಟೊ ಪಾತಿಯ ಪಕ್ಕದ ತಿರುವಿನಲ್ಲಿ ಹತ್ತಕ್ಕೆ ಎಂಟು ಸಲ, ಉಳಿದ ಕಡೆ ಆಗೊಮ್ಮೆ ಈಗೊಮ್ಮೆ. ಇದರ ಮೇಲೆ, 1 ಮಿ.ಮೀ. ಸ್ಟೈರೀನ್ ಎಂಬ ಪ್ಲಾಸ್ಟಿಕ್ ಹಾಳೆಯಿಂದ ಮಾಡಿದ್ದ ಕ್ಯಾಬಿನ್ನು ಜುಲೈ ತಿಂಗಳ ಒಂದು ಮಧ್ಯಾಹ್ನ ಬಿಸಿಲಿನಲ್ಲೇ ಉಳಿದು, ಮಾಡು ಹಪ್ಪಳದಂತೆ ಸುರುಟಿಕೊಂಡಿತು.

ಫ್ರೇಮಿನಿಂದಲೇ ಹೊಸದಾಗಿ ಆರಂಭಿಸಲು ಸಿದ್ಧನಿದ್ದೇನೆ. ಗಾಲಿಗಳ ಜೋಡಣೆ ಹೇಗಿರಬೇಕು, ಬಾಡಿಗೆ ಯಾವ ವಸ್ತು ತಡೆಯುತ್ತದೆ ಎಂಬುದನ್ನು ಕಟ್ಟಿ ನೋಡಿದವರು ತಿಳಿಸಿದರೆ ಉಪಕಾರವಾಗುತ್ತದೆ. ಮನೆಯಲ್ಲಿ ಲೇತ್ ಇಲ್ಲ. ಸಣ್ಣ ಡ್ರಿಲ್ ಸ್ಟ್ಯಾಂಡ್, ವೈಸ್, ಅರ, ಬೆಸುಗೆ ಕಡ್ಡಿ ಇವಿಷ್ಟೇ ಇವೆ.

ಉತ್ತರ: ಮೀಟರ್‌ಗೇಜ್, ಹುಬ್ಬಳ್ಳಿ

ನಮಸ್ಕಾರ. ನಿಮ್ಮ ವಿವರಣೆ ಸ್ಪಷ್ಟವಾಗಿರುವುದರಿಂದ ರೋಗ ಹಿಡಿಯುವುದು ಸುಲಭವಾಯಿತು. ಆದರೆ ಇಲ್ಲಿರುವುದು ಒಂದಲ್ಲ, ಎರಡು ರೋಗಗಳು. ಒಂದಕ್ಕೆ ಮದ್ದು ಕೊಟ್ಟು ಇನ್ನೊಂದನ್ನು ಬಿಟ್ಟರೆ ಗಾಡಿ ಮತ್ತೆ ಟೊಮೆಟೊ ಪಾತಿಗೇ ಹೋಗುತ್ತದೆ.

ಮೊದಲನೆಯದು ತಿರುವಿನ ಲೆಕ್ಕ. ಒಂದೇ ಫ್ರೇಮಿಗೆ ಬಿಗಿದ ಎರಡು ಆಕ್ಸಲ್‌ಗಳ ಗಾಡಿ ತಿರುವಿನಲ್ಲಿರುವಾಗ, ಮುಂದಿನ ಗಾಲಿ ಹಳಿಯ ದಿಕ್ಕಿಗೆ ನೇರವಾಗಿರದೆ ಒಂದಿಷ್ಟು ಓರೆಯಾಗಿ ನಿಂತು ಹೊರ ಹಳಿಯನ್ನು ಮೂತಿಯಿಂದ ತಿವಿಯುತ್ತದೆ. ಆ ಓರೆ ಎಷ್ಟೆಂದರೆ, ಆಕ್ಸಲ್‌ಗಳ ಅಂತರವನ್ನು ತ್ರಿಜ್ಯದ ಎರಡರಷ್ಟರಿಂದ ಭಾಗಿಸಿದಷ್ಟು. ನಿಮ್ಮ 190ನ್ನು 1200ರಿಂದ ಭಾಗಿಸಿದರೆ 0.158 ರೇಡಿಯನ್, ಅಂದರೆ ಸುಮಾರು 9 ಡಿಗ್ರಿ ಬರುತ್ತದೆ. ಇದು ತೀರಾ ಹೆಚ್ಚು. ಅದೇ ಗಾಡಿಯನ್ನು 1200 ಮಿ.ಮೀ. ತ್ರಿಜ್ಯದ ತಿರುವಿನಲ್ಲಿ ಓಡಿಸಿದರೆ ಓರೆ ನಾಲ್ಕೂವರೆ ಡಿಗ್ರಿಗೆ ಇಳಿಯುತ್ತದೆ. ಹಿತ್ತಿಲನ್ನು ಅಗೆದು ಹಳಿಯನ್ನು ಮತ್ತೆ ಹಾಸುವುದು ಬೇಡವೆಂದಾದರೆ ಗಾಡಿಯ ಅಡಿಗೆ ಬೋಗಿ ಹಾಕಬೇಕು; ಬೋಗಿ ಎಂದರೆ ಇಲ್ಲಿ ರೈಲಿನ ಡಬ್ಬಿಯಲ್ಲ, ಗಾಡಿಯ ಅಡಿಯಲ್ಲಿ ಎಡಬಲಕ್ಕೆ ತಿರುಗುವ ಗಾಲಿಗಳ ಚೌಕಟ್ಟು. 60 ಮಿ.ಮೀ. ಅಂತರದ ಎರಡು ಆಕ್ಸಲ್ಲಿನ ಬೋಗಿ ನಿಮ್ಮ 600ರ ತಿರುವಿನಲ್ಲೂ ಮೂರು ಡಿಗ್ರಿಯೊಳಗೇ ಇರುತ್ತದೆ. ನೀವು ನೋಡಿ ಬಂದ ಗೂಸ್‌ನ ಬಾನೆಟ್ಟಿನ ಅಡಿಯಲ್ಲಿರುವುದೂ ಎರಡು ಆಕ್ಸಲ್ಲಿನ ಬೋಗಿಯೇ. ರಿಡ್ಜ್‌ವೇಯ ಕೆಲಸಗಾರರಿಗೂ ಇದೇ ತೊಂದರೆ ಇತ್ತು, ಅವರು ಇದೇ ದಾರಿ ಹಿಡಿದರು. ನಾವು ಬೇರೆ ದಾರಿ ಹುಡುಕುವುದು ಬೇಕಿಲ್ಲ.

ಮುಂದೆ ಮಾತ್ರ ಬೋಗಿ ಇಟ್ಟು ಹಿಂದೆ ಒಂದೇ ಆಕ್ಸಲ್ಲನ್ನು ಫ್ರೇಮಿಗೆ ಬಿಗಿದರೆ ಸಾಲದೇ ಎಂದು ಕೇಳಬಹುದು. ಮುಂದಕ್ಕೆ ಓಡುವಾಗ ಸಾಕು. ಹಿಮ್ಮುಖವಾಗಿ ಓಡಿಸಿದ ಕೂಡಲೇ ಆ ಒಂಟಿ ಆಕ್ಸಲ್ ಮುಂದಾಳಾಗಿ, ಅದೇ ಒಂಬತ್ತು ಡಿಗ್ರಿಯ ಓರೆಯೊಂದಿಗೆ ಹಳಿಯನ್ನು ಏರಲು ನೋಡುತ್ತದೆ. ಆದ್ದರಿಂದ ಎರಡೂ ತುದಿಗೆ ಬೋಗಿ ಹಾಕಿ, ಹಿಂದಿನದಕ್ಕೆ ಮೋಟಾರು ಕೊಡಿ.

ಎರಡನೆಯ ರೋಗ ಫ್ರೇಮಿನ ಬಿಗಿತ. ನೆಲ ಸಮವಿಲ್ಲದ ಕಡೆ ನಾಲ್ಕು ಕಾಲಿನ ಮೇಜು ಕುಂಟುತ್ತದೆ, ಕಾಗದ ಮಡಚಿ ಒಂದು ಕಾಲಿನ ಕೆಳಗೆ ಇಡಬೇಕಾಗುತ್ತದೆ. ಮೂರು ಕಾಲಿನ ಸ್ಟೂಲು ಎಲ್ಲಿಟ್ಟರೂ ಕೂರುತ್ತದೆ. ನಿಮ್ಮ ಗಾಡಿ ಈಗ ನಾಲ್ಕು ಕಾಲಿನ ಮೇಜು. ಟೊಮೆಟೊ ಪಾತಿಯ ಪಕ್ಕದಲ್ಲಿ ನೀರು ಕುಡಿದ ಮಣ್ಣು ಕುಸಿದೋ, ಚಳಿಗಾಲದ ಹಿಮಕ್ಕೆ ಉಬ್ಬಿಯೋ ಒಂದು ಹಳಿ ಇನ್ನೊಂದಕ್ಕಿಂತ ತುಸು ಮೇಲೆ ಕೆಳಗೆ ಆಗಿರಬೇಕು. ಗಾಲಿಯ ಫ್ಲ್ಯಾಂಜ್ (ಹಳಿಯ ಒಳಬದಿಗೆ ಇಳಿಯುವ ಅಂಚು) ಎರಡು ಮೂರು ಮಿಲಿಮೀಟರಿನಷ್ಟೇ ಆಳವಿರುವಾಗ, ಒಂದು ಗಾಲಿ ಒಂದೂವರೆ ಮಿಲಿಮೀಟರ್ ಗಾಳಿಯಲ್ಲಿ ನಿಂತರೆ ಹಿಡಿತವೆಂಬುದು ಉಳಿಯುವುದಿಲ್ಲ.

ಇದನ್ನು ಮೇಜಿನ ಮೇಲೆಯೇ ಪರೀಕ್ಷಿಸಬಹುದು. ದಪ್ಪ ಗಾಜಿನ ಮೇಲೆ ಗಾಡಿಯನ್ನಿಟ್ಟು ಒಂದು ಗಾಲಿಯ ಕೆಳಗೆ ನಿಮ್ಮಲ್ಲಿಯ ಡೈಮ್ ನಾಣ್ಯವನ್ನು ಸೇರಿಸಿ; ಅದರ ದಪ್ಪ 1.35 ಮಿ.ಮೀ. ಇದೆ. ಉಳಿದ ಮೂರು ಗಾಲಿಗಳಲ್ಲಿ ಯಾವುದಾದರೂ ಗಾಜಿನಿಂದ ಮೇಲೆದ್ದು ಬೆರಳಿಗೆ ಸುಮ್ಮನೆ ತಿರುಗಿದರೆ ಫ್ರೇಮಿಗೆ ಬಳುಕು ಇಲ್ಲವೆಂದೇ ಅರ್ಥ.

ಪರಿಹಾರ ಹೀಗೆ. ಹಿಂದಿನ ಬೋಗಿಯು ಎಡಬಲಕ್ಕೆ ತಿರುಗಬೇಕು, ಹಳಿಯ ಉದ್ದಕ್ಕೆ ಸ್ವಲ್ಪ ಮುಗ್ಗರಿಸಬೇಕು, ಆದರೆ ಪಕ್ಕಕ್ಕೆ ವಾಲಬಾರದು; ಅದಕ್ಕಾಗಿ ಫ್ರೇಮಿನ ಎರಡು ಅಂಚುಗಳಲ್ಲಿ ಸಣ್ಣ ಹಿತ್ತಾಳೆ ಬಟನ್‌ಗಳನ್ನಿಟ್ಟು ಭಾರವನ್ನು ಅವುಗಳ ಮೇಲೆ ಹೊರಿಸಿ. ಮುಂದಿನ ಬೋಗಿಯನ್ನು ನಡುಮಧ್ಯದ ಒಂದೇ ಬೋಲ್ಟಿನ ಮೇಲೆ, ಗುಮ್ಮಟದ ತಲೆಯ ವಾಷರ್ ಇಟ್ಟು, ಎಲ್ಲ ದಿಕ್ಕಿಗೂ ಒಲೆಯುವಂತೆ ಬಿಡಿ. ಹಿಂದೆ ಎರಡು, ಮುಂದೆ ಒಂದು, ಒಟ್ಟು ಮೂರು ಕಾಲಾಯಿತು. ನಟ್ಟನ್ನು ಕೈಯಲ್ಲಿ ಬಿಗಿದು ಅರ್ಧ ಸುತ್ತು ಹಿಂದಕ್ಕೆ ಬಿಟ್ಟು, ತಾನಾಗಿ ಸಡಿಲವಾಗದ ನೈಲಾಕ್ ನಟ್ಟಿನಿಂದಲೇ ನಿಲ್ಲಿಸಿ. ಬಿಗಿಯುವ ಚಪಲವನ್ನು ತಡೆದುಕೊಳ್ಳುವುದೇ ಇಲ್ಲಿಯ ಕಷ್ಟದ ಕೆಲಸ; ಫಿಟ್ಟರ್ ಆಗಿ ಮೂವತ್ತು ವರ್ಷ ಬಿಗಿದು ಬಂದ ನನಗೇ ಅದು ಸುಲಭದಲ್ಲಿ ಬರಲಿಲ್ಲ.

ಮೋಟಾರಿನ ಬಗ್ಗೆ: 1:20.3ರಲ್ಲಿ 24 ಅಂಗುಲದ ಗಾಲಿ ಸರಿಯಾಗಿ 30 ಮಿ.ಮೀ. ಆಗುತ್ತದೆ, ಒಂದು ಸುತ್ತಿಗೆ 94 ಮಿ.ಮೀ. ಸಾಗುತ್ತದೆ. ಎನ್20 ಎಂದು ಮಾರುವ ಪುಟ್ಟ ಗೇರ್ ಮೋಟಾರುಗಳಲ್ಲಿ ನಿಮಿಷಕ್ಕೆ 300 ಸುತ್ತಿನದನ್ನು ಆರಿಸಿದರೆ, ಸ್ಕೇಲಿನ ಲೆಕ್ಕದಲ್ಲಿ ಗಂಟೆಗೆ ಸುಮಾರು 34 ಕಿ.ಮೀ. ವೇಗ. ಇಂಥ ಗಾಡಿಗೆ ಅದು ಹೇಳಿ ಮಾಡಿಸಿದ ವೇಗ. ಗಾಲಿಗಳ ಒಳಮೈಗಳ ನಡುವಿನ ಅಂತರ ಸುಮಾರು 40 ಮಿ.ಮೀ. ಇರುತ್ತದೆ, ಈ ಮೋಟಾರು ಶಾಫ್ಟ್ ಸೇರಿ 35 ಮಿ.ಮೀ. ಆಸುಪಾಸು, ಹಾಗಾಗಿ ಆಕ್ಸಲ್ಲಿಗೆ ಸಮಾಂತರವಾಗಿ ಅಡ್ಡಲಾಗಿಯೇ ಮಲಗಿಸಬಹುದು. ಅರ್ಧ ಮಾಡ್ಯೂಲಿನ (ಮಾಡ್ಯೂಲ್ ಎಂದರೆ ಹಲ್ಲಿನ ಗಾತ್ರದ ಅಳತೆ) 20 ಹಲ್ಲುಗಳ ಎರಡು ಗೇರುಗಳು, ಮಧ್ಯಬಿಂದುಗಳ ಅಂತರ 10 ಮಿ.ಮೀ. ಅಲ್ಲಿಂದ ಬೋಗಿಯ ಎರಡನೆಯ ಆಕ್ಸಲ್ಲಿಗೆ ಡೆಲ್ರಿನ್ ಪ್ಲಾಸ್ಟಿಕ್ಕಿನ ಚೈನ್. ರಂಧ್ರ ಕೊರೆಯುವಾಗ ಎರಡೂ ಪಕ್ಕದ ಪಟ್ಟಿಗಳನ್ನು ಒಂದರ ಮೇಲೊಂದು ಅಂಟಿಸಿ ಒಟ್ಟಿಗೇ ಕೊರೆಯಿರಿ, ಆಮೇಲೆ ಬಿಸಿ ಮಾಡಿ ಬಿಡಿಸಿಕೊಳ್ಳಿ. ಬೇರೆ ಬೇರೆಯಾಗಿ ಕೊರೆದ ರಂಧ್ರಗಳು ಲೇತ್ ಇಲ್ಲದವರ ಮನೆಯಲ್ಲಿ ಎಂದೂ ಒಂದಕ್ಕೊಂದು ಎದುರಾಗುವುದಿಲ್ಲ.

ಭಾರದ ಅರ್ಧಕ್ಕಿಂತ ಹೆಚ್ಚು ಮೋಟಾರಿನ ಬೋಗಿಯ ಮೇಲಿರಬೇಕು. ಅಡುಗೆಮನೆಯ ತಕ್ಕಡಿಯ ಮೇಲೆ ಒಂದು ಬೋಗಿಯನ್ನೂ, ಅಷ್ಟೇ ಎತ್ತರದ ಮರದ ತುಂಡಿನ ಮೇಲೆ ಇನ್ನೊಂದನ್ನೂ ಇಟ್ಟು ತೂಗಿದರೆ ತಿಳಿಯುತ್ತದೆ.

ಕೊನೆಗೊಂದು ಸಲಹೆ. ಮೂರಡಿ ಗೇಜಿಗೇ ಅಂಟಿಕೊಳ್ಳದೆ 1:22.5 ಸ್ಕೇಲನ್ನೂ ಯೋಚಿಸಿ. 45 ಮಿ.ಮೀ. ಹಳಿಯ ಮೇಲೆ ಅದು ಮೀಟರ್ ಗೇಜ್. ಇವತ್ತು ಗೂಸ್ ಕಟ್ಟಿದವರು ನಾಳೆ ನಿಮ್ಮದೇ ಸೀಮೆಯ ಶಿವಮೊಗ್ಗ–ತಾಳಗುಪ್ಪ ಮಾರ್ಗದಲ್ಲಿ ಮೀಟರ್ ಗೇಜ್ ಇದ್ದಾಗ ಓಡುತ್ತಿದ್ದ ರೈಲುಬಸ್ಸನ್ನೂ ಕಟ್ಟಬಹುದು.

ಉತ್ತರ: ತಗಡುಪ್ರೇಮಿ, ಮೈಸೂರು

ಗಾಲಿಯ ಕೆಳಗಿನ ವಿಷಯದಲ್ಲಿ ಹುಬ್ಬಳ್ಳಿಯ ಹಿರಿಯರ ಮಾತಿಗೆ ನಾನು ಸೇರಿಸುವುದೇನೂ ಇಲ್ಲ. ಬಾಡಿಯ ಬಗ್ಗೆ ಮಾತ್ರ ಬರೆಯುತ್ತೇನೆ.

ಸ್ಟೈರೀನ್ ಕೆಟ್ಟ ವಸ್ತುವೇನಲ್ಲ. ಆದರೆ ತೆಳುವಾದ ಹಾಳೆಯನ್ನು ಬಾಗಿಸಿ, ಎಳೆದು ಅಂಟಿಸಿ, ಗಾಳಿಯಾಡದ ಕ್ಯಾಬಿನ್ ಮಾಡಿ ಬಿಸಿಲಿನಲ್ಲಿಟ್ಟರೆ ಅದು ಬಾಗದೆ ಇರುವುದು ಹೇಗೆ? ನಿಮ್ಮ ಮೂಲ ಗಾಡಿ ತಗಡಿನದು, ಮಾದರಿಯೂ ತಗಡಿನದಾಗಲಿ. ಇಲ್ಲಿ ನಾನು ಬಳಸುವುದು ಆಫ್‌ಸೆಟ್ ಮುದ್ರಣಾಲಯದಲ್ಲಿ ಒಮ್ಮೆ ಅಚ್ಚು ಹಾಕಿ ಬಿಸಾಡುವ ಅಲ್ಯೂಮಿನಿಯಂ ಪ್ಲೇಟುಗಳನ್ನು. ದಪ್ಪ ಸುಮಾರು 0.3 ಮಿ.ಮೀ., ಕೆ.ಜಿ. ಲೆಕ್ಕದಲ್ಲಿ ಕೊಡುತ್ತಾರೆ, ಕತ್ತರಿಯಿಂದಲೇ ಕತ್ತರಿಸಬಹುದು. ನನ್ನ ಒಂದು ಗಾಡಿಯ ಮಾಡನ್ನು ಒಳಗಿನಿಂದ ನೋಡಿದರೆ ಯಾವುದೋ ಮದುವೆಯ ಆಮಂತ್ರಣದ ಅಕ್ಷರಗಳು ಇನ್ನೂ ಕಾಣುತ್ತವೆ. ನಿಮ್ಮೂರಿನಲ್ಲೂ ಮುದ್ರಣಾಲಯಗಳಿರುತ್ತವೆ, ಕೇಳಿ ನೋಡಿ. ಸಿಗದಿದ್ದರೆ ಮನೆಯ ಮಾಡಿನ ಸಂದುಗಳಿಗೆ ಹಾಕಲು ಹಾರ್ಡ್‌ವೇರ್ ಅಂಗಡಿಯಲ್ಲಿ ಸುರುಳಿಯಾಗಿ ಮಾರುವ ಅಲ್ಯೂಮಿನಿಯಂ ಹಾಳೆಯೂ ಆದೀತು.

ಈ ಪ್ಲೇಟು ಗಡುಸು. ಬಾನೆಟ್ಟಿನ ಅಥವಾ ಮಡ್‌ಗಾರ್ಡಿನ ದುಂಡಗಿನ ತಿರುವಿಗೆ ಹಾಗೇ ಬಗ್ಗಿಸಿದರೆ ಸೀಳುತ್ತದೆ. ಮೊದಲು ಅದನ್ನು ಹದಕ್ಕೆ ತರಬೇಕು. ಬಟ್ಟೆ ಸೋಪನ್ನು ನೀರು ತಾಗಿಸದೆ ತಗಡಿನ ಮೇಲೆ ಉಜ್ಜಿ, ಗ್ಯಾಸ್ ಒಲೆಯ ಸಣ್ಣ ಉರಿಯ ಮೇಲೆ ಇಕ್ಕಳದಲ್ಲಿ ಹಿಡಿದು ಆಡಿಸಿ. ಸೋಪಿನ ಗೆರೆ ಮೊದಲು ಕಂದಾಗಿ ನಂತರ ಕಪ್ಪಾಗುತ್ತದೆ. ಕಪ್ಪಾದ ಕ್ಷಣದಲ್ಲೇ ಉರಿಯಿಂದ ತೆಗೆಯಿರಿ. ಅಲ್ಯೂಮಿನಿಯಂ ಕಬ್ಬಿಣದ ಹಾಗೆ ಕೆಂಪಾಗಿ ಎಚ್ಚರಿಕೆ ಕೊಡುವುದಿಲ್ಲ, ಒಂದು ಗಳಿಗೆ ಮರೆತರೆ ಕೈಯಲ್ಲೇ ಕುಸಿದು ಹೋಗುತ್ತದೆ. ಸೋಪೇ ಇಲ್ಲಿ ನಮ್ಮ ಥರ್ಮಾಮೀಟರು. ತಣ್ಣಗಾದ ಮೇಲೆ ಆ ತಗಡು ಬಾಳೆಲೆಯಷ್ಟು ಮೆತ್ತಗಾಗಿರುತ್ತದೆ. ಗುಂಡಾದ ಮರದ ಅಚ್ಚಿನ ಮೇಲೆ, ಹಳೆಯ ಚಮಚದ ಬೆನ್ನಿನಿಂದ, ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತಾ ಬನ್ನಿ. ಬಡಿಯಬೇಡಿ.

ರಿವೆಟ್ಟಿನ ಸಾಲಿಗೆ ದರ್ಜಿಗಳು ಬಟ್ಟೆಯ ಮೇಲೆ ಗುರುತು ಹಾಕುವ ಹಲ್ಲಿನ ಚಕ್ರ ಉಂಟಲ್ಲ, ಅದು ಸಾಕು. ತಗಡನ್ನು ರಬ್ಬರ್ ಹಾಳೆಯ ಮೇಲೆ ಬೋರಲು ಹಾಕಿ, ಸ್ಟೀಲ್ ಪಟ್ಟಿಯ ಅಂಚಿಗೆ ಚಕ್ರವನ್ನು ಒತ್ತಿ ಒಂದೇ ಸಲ ಎಳೆದರೆ ಮುಂಭಾಗದಲ್ಲಿ ಸಮಾನ ಅಂತರದ ಗುಬುಟುಗಳು ಏಳುತ್ತವೆ. ಎರಡನೆಯ ಸಲ ಎಳೆದರೆ ಸಾಲು ಜೋಡಿಯಾಗುತ್ತದೆ, ಆ ತುಂಡನ್ನು ಬಿಸಾಡಬೇಕಾಗುತ್ತದೆ.

ಅಂಟಿಗೆ ಸೂಪರ್ ಗ್ಲೂ ಬೇಡ. ತಗಡು ಬಿಸಿಲಿಗೆ ಹಿಗ್ಗಿ ರಾತ್ರಿ ಕುಗ್ಗುವಾಗ ಅದು ಬಿರುಕು ಬಿಡುತ್ತದೆ. ಎರಡೂ ಮೈಗಳನ್ನು ಎಮರಿ ಕಾಗದದಿಂದ ತರಿತರಿಯಾಗಿ ಉಜ್ಜಿ, ನಿಧಾನವಾಗಿ ಗಟ್ಟಿಯಾಗುವ ಎರಡು ಟ್ಯೂಬಿನ ಎಪಾಕ್ಸಿ ಹಚ್ಚಿ ಒಂದಿಡೀ ದಿನ ಬಿಡಿ. ಬಣ್ಣಕ್ಕೆ ಮೊದಲು ಲೋಹದ ಮೈಯನ್ನು ತುಸು ಕೊರೆದು ಹಿಡಿಯುವ 'ಎಚ್' (etch) ಪ್ರೈಮರ್ ಹೊಡೆಯದಿದ್ದರೆ ಅಲ್ಯೂಮಿನಿಯಂ ಮೇಲಿನ ಬಣ್ಣ ಉಗುರಿಗೇ ಎದ್ದು ಬರುತ್ತದೆ. ಹಿಂದಿನ ತೆರೆದ ತಳಕ್ಕೆ ನಿಜವಾದ ಮರವನ್ನೇ ಹಾಕಿ: ಆರಂಗುಲದ ಹಲಗೆ ನಿಮ್ಮ ಸ್ಕೇಲಿನಲ್ಲಿ 7.5 ಮಿ.ಮೀ. ಅಗಲ. ಬಡಗಿಯ ಬಳಿ ಬಿದ್ದಿರುವ ತೇಗದ ಚೂರುಗಳಿಂದ ನಾನು ಸೀಳಿಸಿಕೊಳ್ಳುತ್ತೇನೆ. ನಿಮಗೆ ಅಲ್ಲಿ ಯಾವ ಮರ ಸಿಗುತ್ತದೆಯೋ ಅದು.

ಅಂದ ಹಾಗೆ, ರಜೆಗೆ ಊರಿಗೆ ಬಂದಾಗ ಮೈಸೂರಿನ ರೈಲು ವಸ್ತುಸಂಗ್ರಹಾಲಯಕ್ಕೆ ಬನ್ನಿ. ಆಸ್ಟಿನ್ ಮೋಟಾರು ಕಾರಿಗೆ ರೈಲಿನ ಗಾಲಿ ತೊಡಿಸಿ ಹಳಿಯ ಮೇಲೆ ನಿಲ್ಲಿಸಿದ್ದನ್ನು ಅಲ್ಲಿ ಕಾಣಬಹುದು. ಕಾರಿನ ಮೈ ರೈಲಿನ ಫ್ರೇಮಿಗೆ ಹೇಗೆ ಕೂರುತ್ತದೆ ಎಂಬುದನ್ನು ಬಗ್ಗಿ ನೋಡಲು ನನಗೆ ಅದೇ ಪಾಠಶಾಲೆಯಾಗಿತ್ತು.

ಹಿತ್ತಿಲಹಳಿ, ಡೆನ್ವರ್

ಇಬ್ಬರಿಗೂ ಧನ್ಯವಾದಗಳು. ನಿನ್ನೆ ಸಂಜೆ ನಾಣ್ಯದ ಪರೀಕ್ಷೆ ಮಾಡಿದೆ. ಎಡ ಮುಂಗಾಲಿಯ ಕೆಳಗೆ ಡೈಮ್ ಇಟ್ಟಾಗ ಬಲ ಮುಂಗಾಲಿ ಪೂರ್ತಿಯಾಗಿ ಗಾಳಿಯಲ್ಲಿ ನಿಂತು, ಊದಿದರೆ ತಿರುಗುವಂತಾಯಿತು. ಟೊಮೆಟೊ ಪಾತಿಯ ಬಳಿ ಹಳಿಗೆ ಅಡ್ಡಲಾಗಿ ಸ್ಪಿರಿಟ್ ಲೆವೆಲ್ ಇಟ್ಟು ನೋಡಿದರೆ ಒಂದು ಗೇಣು ಉದ್ದದಲ್ಲೇ ಹೊರ ಹಳಿ ಸುಮಾರು ಎರಡು ಮಿಲಿಮೀಟರ್ ಕೆಳಗೆ ಕುಸಿದಿದೆ. ಈ ಎರಡು ರೋಗಗಳೂ ಒಂದೇ ಜಾಗದಲ್ಲಿ ಸೇರಿದ್ದವೆಂಬುದು ಈಗ ತಿಳಿಯಿತು. ಬೋಗಿಯ ಪಟ್ಟಿಗಳಿಗೆ 1.5 ಮಿ.ಮೀ. ಹಿತ್ತಾಳೆ ತಂದಿದ್ದೇನೆ.

ಇನ್ನೊಂದು ಸಂದೇಹ. ನನ್ನ ಉಳಿದ ಗಾಡಿಗಳು ಹಳಿಯಿಂದಲೇ ವಿದ್ಯುತ್ ಪಡೆಯುತ್ತವೆ. ಈ ಟ್ರಕ್ಕಿಗೂ ಹಾಗೇ ಮಾಡಲೇ, ಅಥವಾ ಬ್ಯಾಟರಿ ಇಡಲೇ?

ಉತ್ತರ: ಚಳಿನಾಡು, ಮಿನ್ನೆಸೋಟ

ಬ್ಯಾಟರಿಯನ್ನೇ ಇಡಿ. ಹೊರಗಿನ ಹಿತ್ತಾಳೆ ಹಳಿಯು ಮಳೆ ಇಬ್ಬನಿಗೆ ಕಪ್ಪು ಕಟ್ಟುತ್ತದೆ. ಉದ್ದದ ಎಂಜಿನ್ನಿಗೆ ಹಲವು ಗಾಲಿಗಳಿಂದ ಕರೆಂಟ್ ಸಿಗುವುದರಿಂದ ಒಂದೆರಡು ಕೈಕೊಟ್ಟರೂ ನಡೆಯುತ್ತದೆ, ಒಂದು ಕಿಲೋ ತೂಕದ ನಿಮ್ಮ ಟ್ರಕ್ಕಿಗೆ ಆ ಸೌಕರ್ಯವಿಲ್ಲ. ಎರಡು 18650 ಲಿಥಿಯಂ ಸೆಲ್ಲುಗಳು, ಅವುಗಳ ರಕ್ಷಣೆಯ ಪುಟ್ಟ ಬೋರ್ಡು, ಬ್ರಷ್ ಮೋಟಾರಿನ ಸಣ್ಣ ವೇಗ ನಿಯಂತ್ರಕ, ರಿಮೋಟಿನ ಸಂಕೇತ ಹಿಡಿಯುವ 2.4 ಗಿಗಾಹರ್ಟ್ಸ್ ರಿಸೀವರ್ ಇಷ್ಟು ಸಾಕು. ಆರು ವೋಲ್ಟಿನ ಮೋಟಾರಾದರೆ ನಿಯಂತ್ರಕದಲ್ಲೇ ಗರಿಷ್ಠ ಮಿತಿಯನ್ನು ಇಳಿಸಿಕೊಳ್ಳಿ, ಏಕೆಂದರೆ ಈ ಜೋಡಿ ತುಂಬಿದಾಗ 8.4 ವೋಲ್ಟ್ ಕೊಡುತ್ತದೆ. ಸೆಲ್ಲುಗಳನ್ನು ಹಿಂದಿನ ಬೋಗಿಯ ಮೇಲೆಯೇ, ಸರಕಿನಂತೆ ಕಾಣುವ ಪೆಟ್ಟಿಗೆಯೊಳಗೆ ಇಟ್ಟರೆ ಹುಬ್ಬಳ್ಳಿಯವರು ಹೇಳಿದ ಭಾರವೂ ಸಿಕ್ಕಿತು.

ಬ್ಯಾಟರಿ ಇದೆಯೆಂದು ಗಾಲಿಯ ಇನ್ಸುಲೇಷನ್ನನ್ನು ಮಾತ್ರ ಮರೆಯಬೇಡಿ. ನಿಮ್ಮ ಹಳಿಯಲ್ಲಿ ವಿದ್ಯುತ್ ಇದೆ. ಲೋಹದ ಗಾಲಿ, ಲೋಹದ ಆಕ್ಸಲ್ ನೇರವಾಗಿ ಕೂಡಿದ್ದರೆ ಟ್ರಕ್ಕನ್ನು ಹಳಿಗೆ ಇಟ್ಟ ಕೂಡಲೇ ಎರಡು ಹಳಿಗಳು ಶಾರ್ಟ್ ಆಗುತ್ತವೆ. ಪ್ರತಿ ಆಕ್ಸಲ್ಲಿನಲ್ಲಿ ಒಂದು ಗಾಲಿಗಾದರೂ ಪ್ಲಾಸ್ಟಿಕ್ ಬುಷ್ ಇರಲಿ, ಮತ್ತು ಎಲ್ಲ ಆಕ್ಸಲ್‌ಗಳಲ್ಲೂ ಆ ಗಾಲಿ ಒಂದೇ ಪಕ್ಕಕ್ಕೆ ಬರಲಿ. ಹಿತ್ತಾಳೆ ಪಟ್ಟಿಯ ಬೋಗಿಯಲ್ಲಿ ಒಂದು ಎಡಕ್ಕೆ ಇನ್ನೊಂದು ಬಲಕ್ಕೆ ಆದರೆ ಬೋಗಿಯ ಮೂಲಕವೇ ಶಾರ್ಟ್ ಆಗುತ್ತದೆ. ಒಂದು ಇರುಳೆಲ್ಲ ನಾನು ಮೀಟರ್ ಹಿಡಿದು ಹುಡುಕಿದ್ದು ಇದೇ ತಪ್ಪನ್ನು.

ಚಳಿಗಾಲದಲ್ಲಿ ಗ್ಯಾರೇಜಿನಿಂದ ತಂದ ಟ್ರಕ್ಕನ್ನು ಕೂಡಲೇ ಚಾರ್ಜಿಗೆ ಹಾಕಬೇಡಿ. ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂ ಸೆಲ್ಲನ್ನು ಚಾರ್ಜ್ ಮಾಡಿದರೆ ಅದು ಒಳಗೇ ಕೆಡುತ್ತದೆ. ಕೋಣೆಯ ಬಿಸಿಗೆ ಬರುವವರೆಗೆ ಒಂದೆರಡು ಗಂಟೆ ಬಿಡಿ.

ಸ್ಕೇಲಿನ ವಿಷಯದಲ್ಲಿ ಹುಬ್ಬಳ್ಳಿಯ ಹಿರಿಯರಿಗೆ ನನ್ನ ಗೌರವಪೂರ್ವಕ ಅಸಮ್ಮತಿ ಇದೆ. 914 ಮಿ.ಮೀ.ಯನ್ನು 45ರಿಂದ ಭಾಗಿಸಿದರೆ ಬರುವುದು 20.3, ಗೂಸ್ ಮೂರಡಿ ಗೇಜಿನದು, ಅದಕ್ಕೆ ಇದೇ ಸ್ಕೇಲು. ಒಂದೂಮುಕ್ಕಾಲು ಮೀಟರ್ ಎತ್ತರದ ಚಾಲಕನ ಗೊಂಬೆ 1:20.3ರಲ್ಲಿ 86 ಮಿ.ಮೀ., 1:22.5ರಲ್ಲಿ 78 ಮಿ.ಮೀ. ಈ ಎಂಟು ಮಿಲಿಮೀಟರು ಕಾಗದದ ಮೇಲೆ ಅಲ್ಪವೆನಿಸಿದರೂ ಕ್ಯಾಬಿನ್ನಿನ ಕಿಟಕಿಯಲ್ಲಿ ಎದ್ದು ಕಾಣುತ್ತದೆ.

ಮೀಟರ್‌ಗೇಜ್, ಹುಬ್ಬಳ್ಳಿ

ಗೊಂಬೆಯ ಮಾತಿಗೆ ಒಪ್ಪಿದೆ. ರೈಲುಬಸ್ಸನ್ನು ಬೇರೆಯಾಗಿಯೇ ಕಟ್ಟಲಿ.

ಹಿತ್ತಿಲಹಳಿಯವರೆ, ಹಿತ್ತಾಳೆ ಪಟ್ಟಿ ಕೈಯಲ್ಲಿದೆಯೆಂದು ಮುಖ್ಯ ಫ್ರೇಮಿನಲ್ಲಿ ಬೋಗಿಯ ಬೋಲ್ಟಿನ ರಂಧ್ರಗಳನ್ನು ಈಗಲೇ ಕೊರೆಯಬೇಡಿ. ಮೊದಲು ಎರಡು ಬೋಗಿಗಳನ್ನು ಮಾಡಿ ಮುಗಿಸಿ. ಫ್ರೇಮಿನ ಬದಲು ಒಂದು ರಟ್ಟಿನ ಪಟ್ಟಿಯನ್ನು ಅವುಗಳ ಮೇಲಿಟ್ಟು, ಗುಂಡುಪಿನ್ನಿನಿಂದ ಚುಚ್ಚಿ, ಕೈಯಲ್ಲಿ ತಳ್ಳುತ್ತಾ ನಿಮ್ಮ ಅತಿ ಬಿಗಿಯಾದ ತಿರುವಿಗೆ ತನ್ನಿ. ಒಳಗಾಲಿಯ ಫ್ಲ್ಯಾಂಜ್ ರಟ್ಟಿನ ಅಂಚಿಗೆ ಎಲ್ಲಿ ಉಜ್ಜುತ್ತದೆ ಎಂಬುದನ್ನು ಪೆನ್ಸಿಲಿನಿಂದ ಗುರುತು ಮಾಡಿಕೊಳ್ಳಿ. ಮುಂದಿನ ಬೋಗಿ ಬಾನೆಟ್ಟಿನ ಅಡಿಯಲ್ಲಿ ಬರುವುದರಿಂದ ಅಲ್ಲಿ ಮಡ್‌ಗಾರ್ಡಿಗೂ ಗಾಲಿಗೂ ನಡುವೆ 4 ಮಿ.ಮೀ. ಆದರೂ ತೆರಪು ಬೇಕು. ಅಷ್ಟು ಸಿಗದಿದ್ದರೆ ಪಿನ್ನನ್ನು ಹಿಂದಕ್ಕೆ ಸರಿಸಿ ಮತ್ತೆ ತಳ್ಳಿ ನೋಡಿ. ರಂಧ್ರದ ಜಾಗ ರಟ್ಟಿನ ಮೇಲೆ ನಿಶ್ಚಯವಾದ ಮೇಲೆ ಅದೇ ರಟ್ಟನ್ನು ಚ್ಯಾನಲ್ಲಿಗೆ ಅಂಟಿಸಿ ಕೊರೆದರಾಯಿತು.